ಎಬ್ಬಿಸಿ ಕರೆದೊಯ್ದವಳು

ಸಹೃದಯರೂ ವಿವೇಕಿಗಳೂ ಆದ ವಾಚಕ ಮಹಾಶಯರೇ, ಈ ಕಥನವನ್ನು ಕೈಗೆತ್ತಿಕೊಳ್ಳುವ ಹೊತ್ತಿನಲ್ಲಿ ತಾವು ಸುಖಾಸೀನರಾಗಿರುವಿರಿ ಎಂದು ನಂಬುತ್ತೇನೆ. ತಮ್ಮ ಬೆನ್ನಿಗೆ ಆಸರೆ ಇರಲಿ, ಕಿಟಕಿಯಿಂದ ಬೆಳಕು ಬರಲಿ. ತಾವು ಕುಳಿತಿರುವ ಜಾಗದಲ್ಲಿ ತಮಗಿಂತ ಮೊದಲು ಯಾರು ಮಲಗಿದ್ದರು, ಅವರು ಎದ್ದು ಹೋದರೋ ಇಲ್ಲವೋ ಎಂದು ವಿಚಾರಿಸುವುದು ಶಿಷ್ಟಾಚಾರಕ್ಕೆ ವಿರುದ್ಧವಾದುದು, ಆದಕಾರಣ ವಿಚಾರಿಸುವುದಿಲ್ಲ. ಕಥೆಗೆ ಬರೋಣ.

"ಬಾಯಿ ಬಿಡೇ ದರಿದ್ರದ್ದೇ! ಬಾಯಲ್ಲೇನು ಗೂಟ ಹೊಡ್ಕೊಂಡಿದೀಯಾ?"

ಹೆಡ್ ಮಾಸ್ತರರ ಬೆತ್ತ ಮೇಜಿನ ಅಂಚಿಗೆ ಬಡಿದ ಸದ್ದಿಗೆ, ಹೊರಗಿನ ಹಜಾರವನ್ನು ಒರೆಸುತ್ತಿದ್ದ ಮುದುಕಿಯ ಕೈ ಒಂದು ಗಳಿಗೆ ನಿಂತಿತು. ಬೈಸಿಕೊಳ್ಳುತ್ತಿದ್ದವಳು ಅವಳ ಮೊಮ್ಮಗಳು. ಮನೆಯಲ್ಲಿ ಆ ಹುಡುಗಿಗೆ ಮಿಡತೆ ಎಂದು ಅಡ್ಡಹೆಸರು. ನಿಂತಲ್ಲಿ ನಿಲ್ಲದೆ, ಆಡುತ್ತಿದ್ದ ಮಾತು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುವ ಅವಳ ಸ್ವಭಾವಕ್ಕೆ ಅಂಟಿದ ಹೆಸರು ಅದು. ಆದರೆ ಈ ಕೊಠಡಿಯೊಳಗೆ ಕಾಲಿಟ್ಟರೆ ಅದೇ ಮಿಡತೆ ಮರದ ಗೊಂಬೆ. ಅವಳೊಬ್ಬಳೇ ಅಲ್ಲ, ಗಡಿಯಾಚೆಯಿಂದ ಓಡಿಬಂದವರ ಮಕ್ಕಳೆಲ್ಲ ಹಿಂದಿನ ಬೆಂಚುಗಳಲ್ಲಿ ತುಟಿಗೆ ತುಟಿ ಅಂಟಿಸಿಕೊಂಡು ಕೂತಿದ್ದವು. ಮುಂದಿನ ಬೆಂಚುಗಳಲ್ಲಿದ್ದ ಊರಿನ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದವು.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಬಾಳು," ಎಂದರು ಮಾಸ್ತರು, ಬಾಗಿಲಲ್ಲಿ ನಿಂತಿದ್ದವರ ಕಡೆ ತಿರುಗಿ.

ಬಾಗಿಲಲ್ಲಿ ನಿಂತಿದ್ದವರು ಹಳೆಬಟ್ಟೆ ಗೋದಾಮಿನ ಧಣಿ. ಶಾಲಾ ಸಮಿತಿಯ ಅಧ್ಯಕ್ಷರೂ ಅವರೇ. ಅವರು ನಕ್ಕರು. "ಕೋಣ ಅಂತ ಯಾಕ್ರೀ ಬೈತೀರಾ? ಕೋಣ ಉಳೋಕಾದ್ರೂ ಬರುತ್ತೆ. ಇವಕ್ಕೂ ಕೈಗೆ ಕೆಲಸ ಕೊಡಿ, ಚುರುಕಾಗ್ತವೆ. ಕೈ ಕೆಸರಾದ್ರೆ ಬಾಯಿ ಮೊಸರು." ಆಮೇಲೆ ಮುದುಕಿಯನ್ನು ಕಂಡು, "ಏ ಪೊರಕೆ! ನಿನ್ನ ಮೊಮ್ಮಗಳಿಗೆ ಹೇಳೇ, ಮಾಸ್ತರು ಕೇಳಿದ್ದಕ್ಕೆ ಉತ್ತರ ಕೊಡು ಅಂತ" ಎಂದರು.

ಮುದುಕಿ ಒರೆಸುವ ಬಟ್ಟೆಯನ್ನು ಬಕೀಟಿನಲ್ಲಿ ಹಿಂಡಿದಳು.

"ನೋಡಿ! ಬೀಜ ಎಂಥದೋ ಬೆಳೆ ಅಂಥದು," ಎಂದರು ಧಣಿ. "ವರ್ಷದಿಂದ ಇಲ್ಲಿ ಕಸ ಹೊಡೀತಾಳೆ, ಒಂದು ದಿನ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಮುಂದಿನ ವಾರ ಪರೀಕ್ಷೆ ಸಾಹೇಬ್ರು ಬರ್ತಾರೆ. ಒಂದೊಂದನ್ನೂ ನಿಲ್ಲಿಸಿ ಓದಿಸ್ತಾರೆ. ಓದದೇ ಇದ್ದಿದ್ದಕ್ಕೆಲ್ಲ ಮಂದಬುದ್ಧಿ ಅಂತ ಬರೀತಾರೆ. ಬರೆದ ಮೇಲೆ ಕೈಕಸುಬು ವಿಭಾಗಕ್ಕೆ. ಕೈಕಸುಬು ಕಲಿಸೋಕೆ ನನ್ನ ಗೋದಾಮಿದೆ. ಸರ್ಕಾರಕ್ಕೂ ಪುಣ್ಯ, ನನಗೂ ಪುಣ್ಯ."

ಒರೆಸಿದ ಹಜಾರದ ಮೇಲೆ ಬೂಟಿನ ಗುರುತು ಮೂಡಿಸುತ್ತ ಅವರು ಹೊರಟುಹೋದರು. ಮುದುಕಿ ಆ ಗುರುತುಗಳನ್ನು ಒಂದೊಂದಾಗಿ ಒರೆಸಿದಳು.

*

ಶಾಲೆಯ ಕಬ್ಬಿಣದ ಗೇಟು ದಾಟಿದ್ದೇ ತಡ, ಮಿಡತೆಯ ಬಾಯಿಯ ಕಟ್ಟೆಯೊಡೆಯಿತು.

"ಅಜ್ಜಿ, ಮಾಸ್ತರ ಮೂಗಲ್ಲಿ ಕೂದಲಿದೆ, ಬೈಯುವಾಗ ಅಲ್ಲಾಡುತ್ತೆ. ಅಜ್ಜಿ, ನಂಗೆ ಆ ಪಾಠ ಪೂರ್ತಿ ಬರುತ್ತೆ ಗೊತ್ತಾ? 'ಇದು ನಮ್ಮ ಶಾಲೆ. ನಮ್ಮ ಶಾಲೆಗೆ ದೊಡ್ಡ ಕಿಟಕಿಗಳಿವೆ.' ಟೀಚರಮ್ಮ ನೀರಿನ ತೊಟ್ಟಿ ಹತ್ತಿರ ಹೇಳಿಕೊಟ್ಟಿದ್ರಲ್ಲ, ನಾನು ನಮ್ಮ ಮಾತಲ್ಲೂ ಹೇಳ್ತೀನಿ, ಅವರ ಮಾತಲ್ಲೂ ಹೇಳ್ತೀನಿ. ಅಜ್ಜಿ, ಹೊಟ್ಟೆ ಹಸೀತಿದೆ."

"ಒಳಗೆ ಹೇಳೋಕಾಗಲ್ವೇನೇ?" ಎಂದಳು ಅಜ್ಜಿ. ಉತ್ತರ ಗೊತ್ತಿದ್ದೂ ಕೇಳಿದಳು.

ಮಿಡತೆ ನಡಿಗೆ ನಿಲ್ಲಿಸಿದಳು. "ಅಮ್ಮ ಅಲ್ಲೇ ಇದಾಳಲ್ಲ," ಎಂದಳು. "ನಾನು ಮಾತಾಡಿದ್ರೆ ಅವಳು ತನ್ನನ್ನೇ ಕರೀತಿದಾರೆ ಅಂದ್ಕೊಂಡು ಎದ್ದು ಬಂದ್ಬಿಡ್ತಾಳೆ. ಬಂದು ಗಂಟಲಲ್ಲಿ ಕೂತ್ಕೋತಾಳೆ. ನೀನೇ ಹೇಳಿದ್ದಲ್ವಾ."

ಅಜ್ಜಿಯೇ ಹೇಳಿದ್ದು. ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು.

ಅವರಿದ್ದುದು ಗೋದಾಮಿನ ಹಿಂದಣ ಸಾಲುಮನೆಗಳಲ್ಲಿ. ತಗಡಿನ ಮಾಡು, ಒಂದೇ ಕೋಣೆ, ಎರಡು ಮನೆಗಳ ನಡುವಿನ ಗೋಡೆ ಎಷ್ಟು ತೆಳುವೆಂದರೆ ಒಬ್ಬರು ಸೀನಿದರೆ ಪಕ್ಕದವರು ನೂರ್ಕಾಲ ಬಾಳು ಎನ್ನುತ್ತಿದ್ದರು. ಗೋದಾಮಿಗೆ ದೇಶದೇಶಗಳ ಉಳ್ಳವರು ತೊಟ್ಟು ಬಿಟ್ಟ ಬಟ್ಟೆಗಳು ಬಿಗಿದ ಮೂಟೆಗಳಾಗಿ ಬರುತ್ತಿದ್ದವು. ದೊಡ್ಡವರು ಮೂಟೆ ಸೀಳಿ ಉಣ್ಣೆ, ಹತ್ತಿ, ಚಿಂದಿ ಎಂದು ಬೇರ್ಪಡಿಸುತ್ತಿದ್ದರು. ಗುಂಡಿ ಕೀಳುವುದು, ಜಿಪ್ಪು ಬಿಚ್ಚುವುದು ಮಕ್ಕಳ ಕೆಲಸ. ಸಣ್ಣ ಬೆರಳಿಗೆ ಸುಲಭ ಎನ್ನುತ್ತಿದ್ದರು ಧಣಿ. ಬಟ್ಟೆಯ ಧೂಳು ಮೂಗಿನೊಳಗೆ ನೀಲಿಯಾಗಿ, ಕೆಂಪಾಗಿ ಮೆತ್ತುತ್ತಿತ್ತು. ಅಲ್ಲಿ ದುಡಿದ ಮಕ್ಕಳನ್ನು ಕೆಮ್ಮಿನಿಂದಲೇ ಗುರುತಿಸಬಹುದಾಗಿತ್ತು.

ಮಿಡತೆಯ ಚಿಕ್ಕಮ್ಮನಿಗೂ ಆ ಕೆಮ್ಮಿತ್ತು. ತೀರಿಹೋದ ಅಕ್ಕನ ಮಗಳನ್ನೂ ಅಕ್ಕನ ತಾಯಿಯನ್ನೂ ತನ್ನ ಕೋಣೆಯಲ್ಲೇ ಇಟ್ಟುಕೊಂಡು ಎಲ್ಲರನ್ನೂ ಸಮನಾಗಿ ಬೈಯುತ್ತಿದ್ದ ಹೆಂಗಸು ಅವಳು. ಮುದುಕಿ ಅವಳಿಗೂ ಹೆತ್ತ ತಾಯಿಯೇ. ಬೈಗುಳದಲ್ಲಿ ಆ ರಿಯಾಯಿತಿ ಮಾತ್ರ ಇರಲಿಲ್ಲ.

"ಬಂದ್ಲಾ ನಮ್ಮ ಪಂಡಿತೆ?" ಎಂದಳು ಅವಳು, ರೊಟ್ಟಿ ಹರಿದು ಮೂರು ಪಾಲು ಮಾಡುತ್ತ. "ಕೈ ಕೆಸರಾದ್ರೆ ಬಾಯಿ ಮೊಸರಂತೆ. ಇವತ್ತು ಗೋದಾಮಿನಲ್ಲಿ ಧಣಿ ಮತ್ತೆ ಅದನ್ನೇ ಒದರಿದ. ಇಷ್ಟು ವರ್ಷದಿಂದ ಕೆಸರು ನಮ್ಮ ಕೈಲಿ, ಮೊಸರು ಆ ಬೇವರ್ಸಿ ಬಾಯಲ್ಲಿ. ಅಮ್ಮ, ಇವಳನ್ನ ಗುಂಡಿ ಕೀಳೋಕೆ ಹಾಕ್ತಾರಂತೆ, ನಿಜನಾ?"

ಮುದುಕಿ ತಲೆಯಾಡಿಸಿದಳು.

"ಹಾಕಿದ್ರೆ ನಾನು ಅವನ ಗುಂಡಿ ಕಿತ್ತು ಕೈಗೆ ಕೊಡ್ತೀನಿ," ಎಂದಳು ಚಿಕ್ಕಮ್ಮ. ಮಾತು ಮುಗಿಯುವಷ್ಟರಲ್ಲಿ ಕೆಮ್ಮು ಬಂದು ಅವಳನ್ನು ಎರಡಾಗಿ ಮಡಿಸಿತು.

*

ಶಾಲೆಯ ಆ ಉದ್ದನೆಯ ಕೊಠಡಿ ಹಿಂದೆ ಶಾಲೆಯಾಗಿರಲಿಲ್ಲ. ಗಡಿ ದಾಟಿ ಬಂದವರಲ್ಲಿ ಜ್ವರವಿದೆಯೆಂದು ಅವರನ್ನು ಕೂಡಿಹಾಕಿದ ತಡೆಕೋಣೆ ಅದು. ಬಾಗಿಲಿಗೆ ಹೊರಗಿನಿಂದ ಬೀಗ. ಅನ್ನ ನೀರು ಕಿಟಕಿಯಿಂದ. ಅನ್ನ ನೀರಿನ ಗುತ್ತಿಗೆ ಧಣಿಯದು. ಹೆಚ್ಚು ಕೂಗಿದವರಿಗೆ ಸರಳುಗಳ ಸಂದಿಯಿಂದ ಕೋಲು ಬರುತ್ತಿತ್ತೇ ಹೊರತು ನೀರು ಬರುತ್ತಿರಲಿಲ್ಲ. ಆ ಚಳಿಗಾಲದಲ್ಲಿ ಅಲ್ಲಿ ಸತ್ತವರನ್ನು ಬಟ್ಟೆಮೂಟೆಯ ಗೋಣಿಯಲ್ಲಿ ಸುತ್ತಿ ಅದೇ ಕಿಟಕಿಯ ಸರಳು ಕಳಚಿ ಹೊರಗೆ ಇಳಿಸಿದರು. ಎಲ್ಲಿಗೆ ಒಯ್ದರೆಂದು ಯಾರೂ ಹೇಳಲಿಲ್ಲ. ಕೇಳಿದವರಿಗೆ, ಬೇರೆ ಶಿಬಿರಕ್ಕೆ ಸಾಗಿಸಲಾಗಿದೆ ಎಂಬ ಉತ್ತರ ಸಿಕ್ಕಿತು. ಬೇಸಿಗೆಗೆ ಗೋಡೆಗೆ ಸುಣ್ಣ ಬಳಿದರು, ಕರಿಹಲಗೆ ತೂಗುಹಾಕಿದರು, ಬೆಂಚು ತಂದಿಟ್ಟರು. ಬದುಕಿ ಉಳಿದವರ ಮಕ್ಕಳನ್ನು ಅಕ್ಷರ ಕಲಿಯಲು ಅಲ್ಲಿಗೇ ಕಳಿಸಿದರು.

ಮಕ್ಕಳು ಹೋದವು. ಕೂತವು. ಬಾಯಿ ಮಾತ್ರ ತೆರೆಯಲಿಲ್ಲ.

ಇದರ ಕಾರಣವನ್ನು ತಿಳಿಯಬೇಕೆಂದು ಆ ಶಾಲೆಯಲ್ಲಿ ಮನಸ್ಸು ಮಾಡಿದವರು ಒಬ್ಬರೇ. ಹಂಗಾಮಿ ನೇಮಕದ ಟೀಚರಮ್ಮ. ವಯಸ್ಸು ಚಿಕ್ಕದು, ಚಪ್ಪಲಿ ಹಳೆಯದು. ಕೊಠಡಿಯಲ್ಲಿ ಉಸಿರೆತ್ತದ ಮಕ್ಕಳು ಹೊರಗಿನ ನೀರಿನ ತೊಟ್ಟಿಯ ಬಳಿ ಕೂಗಾಡುವುದನ್ನು ಆಕೆ ಒಂದು ದಿನ ಕಂಡರು. ಮರುದಿನ ಪಾಠವನ್ನೇ ತೊಟ್ಟಿಯ ಬಳಿಗೆ ಒಯ್ದರು. ಮಕ್ಕಳ ಮಾತಿನಲ್ಲಿ ನೀರಿಗೆ ಏನೆನ್ನುತ್ತಾರೆ, ಬಾಗಿಲಿಗೆ ಏನೆನ್ನುತ್ತಾರೆ ಎಂದು ಕೇಳಿ ಕೇಳಿ ತೊಟ್ಟಿಯ ಗೋಡೆಯ ಮೇಲೆ ಇದ್ದಿಲಿನಿಂದ ಎರಡು ಭಾಷೆಯಲ್ಲೂ ಬರೆದರು. ಉಚ್ಚಾರ ತಪ್ಪಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕವು.

"ಟೀಚರಮ್ಮ, ನೀವು ಈಗ ಬಾಗಿಲು ಅನ್ನಲಿಲ್ಲ, ಮೇಕೆ ಅಂದ್ರಿ!" ಎಂದು ಮಿಡತೆ ಕಿರುಚಿದ್ದಳು.

"ಹೌದಾ? ಹಾಗಾದ್ರೆ ಮೇಕೆ ಹಾಕ್ಕೊಂಡು ಮಲಗಿ," ಎಂದು ಟೀಚರಮ್ಮ ಅಂದಾಗ, ಹಜಾರದಲ್ಲಿ ಪೊರಕೆ ಹಿಡಿದಿದ್ದ ಮುದುಕಿಯ ಮುಖದಲ್ಲಿ ಬಹುಕಾಲದ ಮೇಲೆ ಏನೋ ಸಡಿಲವಾಗಿತ್ತು. ಹೀಗೇ ಓದಲು ಕಲಿತವು ಮಕ್ಕಳು.

ಅದಕ್ಕೂ ಕಲ್ಲು ಬಿತ್ತು. ಧಣಿಯವರು ಬಂದು ನೋಡಿದರು. "ಸಾಕು ಈ ಸಂತೆ. ಸಮಿತಿ ಕೊಠಡಿ ಕೊಟ್ಟಿರೋದು ಯಾಕೆ? ಪಾಠ ಕೊಠಡೀಲಿ ನಡೀಬೇಕು, ಪರೀಕ್ಷೇನೂ ಕೊಠಡೀಲೇ. ಆ ಗೋಡೆ ಮೇಲಿನ ಕಾಗೆಭಾಷೆ ಅಳಿಸಿ," ಎಂದರು. ಅಳಿಸುವ ಕೆಲಸ ಪೊರಕೆಯ ಅಜ್ಜಿಗೇ ಬಂತು. ನೀರು, ಬಾಗಿಲು, ಮೇಕೆ, ಅಮ್ಮ. ಒಂದೊಂದನ್ನೂ ಒದ್ದೆ ಬಟ್ಟೆಯಿಂದ ಉಜ್ಜಿದಳು. ಇದ್ದಿಲು ಪೂರ್ತಿ ಹೋಗಲಿಲ್ಲ. ಬೂದುಬಣ್ಣದ ನೆರಳಾಗಿ ಉಳಿಯಿತು.

*

ಪರೀಕ್ಷೆಗೆ ಇನ್ನೇನು ದಿನ ಹತ್ತಿರವಾಯಿತೆನ್ನುವಾಗ, ದೀಪ ಹಚ್ಚುವ ಹೊತ್ತಿಗೆ, ಟೀಚರಮ್ಮ ಸಾಲುಮನೆಗೆ ಬಂದರು. ಮಿಡತೆ ನೀರು ತರಲು ಹೋಗಿದ್ದಳು. ಕೂರಲು ಕುರ್ಚಿ ಇರಲಿಲ್ಲ. ಚಿಕ್ಕಮ್ಮ ಒಂದು ಚಿಂದಿಮೂಟೆಯನ್ನು ಕಾಲಿನಿಂದ ತಳ್ಳಿದಳು.

"ಕೂತ್ಕೊಳ್ಳಿ. ಯಾವ ದೇಶದ ರಾಣಿ ತೊಟ್ಟಿದ್ದೋ ಏನೋ, ನಿಮ್ಮ ಭಾಗ್ಯ."

ಟೀಚರಮ್ಮ ಕೂತರು. "ಅಜ್ಜಿ," ಎಂದರು, "ನಿಮ್ಮ ಮೊಮ್ಮಗಳು ಚೆನ್ನಾಗಿ ಓದ್ತಾಳೆ. ಆ ಕೊಠಡಿ ಒಳಗೆ ಹೋದ್ರೆ ಮಾತ್ರ ಸತ್ತೋಗ್ತಾಳೆ. ಯಾಕೆ ಅಂತ ಕೇಳಿದ್ರೆ, ಅಜ್ಜಿನ ಕೇಳಿ ಅಂತಾಳೆ. ನೀವೂ ಅಲ್ಲಿ ಮಾತಾಡಲ್ಲ. ನನಗೆ ತಿಳಿದಿದ್ರೆ ಏನಾದ್ರೂ ಮಾಡಬಹುದೇನೋ."

"ತಿಳ್ಕೊಂಡು ಏನು ಕಿಸೀತೀರಾ?" ಎಂದಳು ಚಿಕ್ಕಮ್ಮ. "ನಮ್ಮ ಅಕ್ಕ ಸತ್ತ ಜಾಗದಲ್ಲಿ ಬೆಂಚು ಹಾಕಿದೀರಿ. ಅದರ ಮೇಲೆ ಅವಳ ಮಗಳನ್ನ ಕೂರಿಸಿ 'ನಮ್ಮ ಶಾಲೆ' ಅಂತ ಹೇಳು ಅಂತೀರಿ. ನೀವಾದ್ರೆ ಹೇಳ್ತಿದ್ರಾ?"

"ಸುಮ್ನಿರೇ," ಎಂದಳು ಮುದುಕಿ. ಆಮೇಲೆ, ತನ್ನ ಮನೆಯ ಸೂರಿನ ಕೆಳಗೆ, ಮೆಲ್ಲನೆ ಹೇಳಿದಳು.

ಪರರ ಸೂರಿನಡಿ, ತಮ್ಮವರ ಕೈ ಕೈಯಲ್ಲಿಲ್ಲದೆ ಸತ್ತವರಿಗೆ, ತಾವು ಸತ್ತೆವೆಂಬುದು ತಿಳಿಯುವುದಿಲ್ಲ. ಆ ದಿನ ಇನ್ನೂ ಮುಗಿದಿಲ್ಲವೆಂದೇ ಅವರು ಅಲ್ಲಿ ಕಾದಿರುತ್ತಾರೆ. ಯಾರಾದರೂ ಮಾತಾಡಿದರೆ ತಮ್ಮನ್ನೇ ಕರೆದರೆಂದು ಎದ್ದು ಆ ಗಂಟಲಿಗೆ ಬರುತ್ತಾರೆ. ಆದ್ದರಿಂದ ಅವರ ಮಂದಿ ಅಲ್ಲಿ ಬಾಯಿ ತೆರೆಯುವುದಿಲ್ಲ. ಅವರದೇ ಊರಿನ, ಬಳಗದ ಹಿರಿಯರೊಬ್ಬರು ಹೋಗಿ, ಒಬ್ಬೊಬ್ಬರನ್ನೂ ಸಂಬಂಧ ಹಿಡಿದು ಕರೆದು, 'ನೀನು ಸತ್ತೆ, ಏಳು, ಹೋಗೋಣ' ಎಂದು ಎಬ್ಬಿಸಬೇಕು. ಹೊಸ್ತಿಲು ದಾಟಿಸಬೇಕು.

"ಅಷ್ಟೇನಾ?" ಎಂದರು ಟೀಚರಮ್ಮ, ಆಸೆಯಿಂದ ಮುಂದಕ್ಕೆ ಬಾಗಿ. "ಅದನ್ನ ಮಾಡೋಣ ಅಜ್ಜಿ. ಒಂದು ಭಾನುವಾರ ಕೀಲಿ ನಾನು ತರ್ತೀನಿ."

ಚಿಕ್ಕಮ್ಮ ಕಹಿಯಾಗಿ ನಕ್ಕಳು. "ಅಷ್ಟೇ ಅಲ್ಲ ತಾಯಿ. ಎಬ್ಬಿಸಿದವರೇ ಅವರನ್ನ ಊರಿಗೆ ನಡೆಸ್ಕೊಂಡು ಹೋಗ್ಬೇಕು. ಊರು ಇದ್ರೂ ಸರಿ, ಬೂದಿಯಾಗಿದ್ರೂ ಸರಿ. ಆ ರಾತ್ರಿ ಇಲ್ಲಿ ಮಲಗೋ ಹಾಗಿಲ್ಲ. ಆಮೇಲೆ ಇಲ್ಲಿಗೆ ವಾಪಸ್ ಬರೋ ಹಾಗೂ ಇಲ್ಲ. ಬಂದ್ರೆ ಅವರೂ ಜೊತೆಗೇ ಬರ್ತಾರೆ."

ಟೀಚರಮ್ಮ ಮುದುಕಿಯ ಕಾಲುಗಳನ್ನು ನೋಡಿದರು. ಊದಿಕೊಂಡ ಕಣಕಾಲು, ಸೀಳಿದ ಹಿಮ್ಮಡಿ. ಗಡಿಯಾಚೆಯ ಆ ಊರಿನ ದಾರಿ ಎಂಥದೆಂದು ಅವರು ಊಹಿಸಬಲ್ಲವರಾಗಿದ್ದರು. ಅದನ್ನು ದಾಟಿ ಬಂದವರು ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

"ನಾನು ಎಬ್ಬಿಸಿದ್ರೆ?"

"ನೀವು ಅವರಿಗೆ ಏನಾಗ್ಬೇಕು?" ಎಂದಳು ಮುದುಕಿ. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಕೇಳಿದ್ದಳು.

ಟೀಚರಮ್ಮ "ನಾನು ಕೇಳಬಾರದಿತ್ತು," ಎಂದು ಎದ್ದರು. ಅಷ್ಟರಲ್ಲಿ ಮಿಡತೆ ಕೊಡ ಹೊತ್ತು ಬಂದು, "ಟೀಚರಮ್ಮ, ಮೇಕೆ ಹಾಕ್ಕೊಂಡು ಹೋಗಿ!" ಎಂದಳು. ಅವಳೊಬ್ಬಳೇ ನಕ್ಕಳು.

ಟೀಚರಮ್ಮ ಹೋದ ಮೇಲೆ ಚಿಕ್ಕಮ್ಮ ತಾಯಿಯ ಕಡೆ ತಿರುಗಿದಳು. "ಆ ಯೋಚನೆ ತಲೇಲಿದ್ರೆ ಕಿತ್ತು ಬಿಸಾಕು. ಇವಳಿಗೆ ಅಮ್ಮ ಇಲ್ಲ, ಅಪ್ಪ ಇಲ್ಲ. ಇರೋ ಅಜ್ಜಿನೂ ಸತ್ತವರ ಹಿಂದೆ ಹೋಗ್ತಾಳಾ? ಗುಂಡಿ ಕೀಳಲಿ ಬಿಡು. ನಾನು ಕೀಳ್ತಿಲ್ವಾ?"

ಮುದುಕಿ ಮಗಳ ಕೆಮ್ಮು ಗೋಡೆಗಳಿಗೆ ಬಡಿದು ತಿರುಗುವುದನ್ನು ಕೇಳುತ್ತ ಕೂತಳು.

*

ಪರೀಕ್ಷೆಯ ಸಾಹೇಬರು ಬೆಳ್ಳನೆಯ ಅಂಗಿ ತೊಟ್ಟು ಬಂದರು. ಕರಿಹಲಗೆಯ ಪಕ್ಕದಲ್ಲಿ ಅವರಿಗೊಂದು ಕುರ್ಚಿ, ಧಣಿಗೊಂದು ಕುರ್ಚಿ. ಧಣಿಯವರು ಕಾಲ ಮೇಲೆ ಕಾಲು ಹಾಕಿ ಕೂತು ಊರಿನ ಮಕ್ಕಳು ಓದುವಾಗ ತಲೆದೂಗಿದರು. ಆಮೇಲೆ ಹಿಂದಿನ ಬೆಂಚಿನ ಸರದಿ ಬಂತು. ಒಂದು ಮಗು ಎದ್ದಿತು, ನಿಂತಿತು, ಕೂತಿತು. ಇನ್ನೊಂದು ಎದ್ದಿತು, ನಿಂತಿತು, ಕೂತಿತು. ಸಾಹೇಬರ ಪೆನ್ನು ಪ್ರತಿಸಲವೂ ಒಂದೇ ಪದ ಬರೆಯಿತು.

"ನಾನು ಹೇಳ್ಲಿಲ್ವಾ ಸಾಹೇಬ್ರೇ? ಗೋರ್ಕಲ್ಲ ಮೇಲೆ ಮಳೆ ಹುಯ್ದ ಹಾಗೆ," ಎಂದರು ಧಣಿ.

"ಸರ್, ಇವರನ್ನ ಹೊರಗೆ ಕರ್ಕೊಂಡು ಹೋಗಿ ಓದಿಸಿ ನೋಡಿ," ಎಂದರು ಟೀಚರಮ್ಮ.

"ಹೊರಗೆ ಮೇಯೋದು ದನ ಕಣಮ್ಮ," ಎಂದರು ಹೆಡ್ ಮಾಸ್ತರು. "ಮುಂದಿನದು! ಏಳೇ!"

ಮಿಡತೆ ಎದ್ದಳು. ಪುಸ್ತಕ ತೆರೆದಿತ್ತು. ಅವಳ ತುಟಿ ಅಲುಗಿತು. ಕಣ್ಣು ತನ್ನ ಕಾಲ ಬುಡದ ನೆಲಕ್ಕೆ ಹೋಯಿತು, ತುಟಿ ಮತ್ತೆ ಮುಚ್ಚಿತು. ಮಾಸ್ತರರ ಬೆತ್ತ ಅವಳ ಅಂಗೈಗೆ ಬಿತ್ತು. ಅವಳು ಕೈ ಹಿಂದೆಗೆಯಲಿಲ್ಲ, ಅಳಲಿಲ್ಲ.

"ಸಾಕು ಬಿಡಿ ಮಾಸ್ತರೇ, ಬೆರಳು ಮುರಿದೀರಿ," ಎಂದರು ಧಣಿ ನಗುತ್ತ. "ಆಮೇಲೆ ನನಗೆ ಯಾವ ಕೆಲಸಕ್ಕೆ ಬರುತ್ತೆ ಅದು?"

ಬಾಗಿಲಲ್ಲಿ ಬಕೀಟು ಉರುಳಿತು. ನೀರು ಹಜಾರದುದ್ದಕ್ಕೂ ಹರಿಯಿತು. ಮುದುಕಿ ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು ಒಳಗೆ ಬಂದಳು. ಮಿಡತೆಯ ಬೆಂಚಿನ ಬಳಿ ನಿಂತಳು. ಮೊಮ್ಮಗಳನ್ನು ಒಮ್ಮೆ ನೋಡಿದಳು, ಆಮೇಲೆ ನೆಲವನ್ನು ನೋಡಿದಳು. ತನ್ನ ಮಾತಿನಲ್ಲಿ, ಮಲಗಿದವರನ್ನು ಬೆಳಗಾಗೆದ್ದು ಕರೆಯುವ ದನಿಯಲ್ಲಿ, ಅವಳು ಆರಂಭಿಸಿದಳು.

"ಏಳೇ ಮಗಳೇ. ಆ ದಿನ ಮುಗಿದುಹೋಯ್ತು. ನೀನು ನೀರು ಕೇಳ್ತಿದ್ದೆ. ಕೊಡ್ಲಿಲ್ಲ. ನೀನು ಸತ್ತೆ. ಆ ಕಿಟಕಿಯಿಂದ ನಿನ್ನ ಇಳಿಸಿದ್ರು. ನಾನು ಕಾಲು ಹಿಡ್ಕೊಂಡಿದ್ದೆ, ಬಿಡಿಸಿದ್ರು. ಮಗು ಬದುಕಿದೆ. ಓದೋಕೆ ನಿಂತಿದೆ. ಅದರ ಗಂಟಲು ಬಿಡು. ಏಳು, ಹೋಗೋಣ."

"ಇವಳಿಗೇನು ಹುಚ್ಚು ಹಿಡೀತಾ?" ಎಂದು ಧಣಿ ಕುರ್ಚಿಯಲ್ಲೇ ಮುಂದೆ ಬಾಗಿದರು.

ಮುದುಕಿ ಮುಂದಿನ ಬೆಂಚಿಗೆ ಸರಿದಳು. "ಕಮ್ಮಾರಣ್ಣ, ಗೋಡೆ ಕಡೆ ಮುಖ ಮಾಡಿ ಮಲಗಿದ್ದೆಯಲ್ಲ. ನಿನ್ನ ಕೆಮ್ಮು ನಿಲ್ಲಲಪ್ಪಾ ಅಂತ ನಾವೇ ಶಾಪ ಹಾಕಿದ್ವಿ. ನಿಂತುಹೋಯ್ತು. ಏಳು. ಸೂಲಗಿತ್ತಿ ಅಕ್ಕ, ಈ ಮಕ್ಕಳಲ್ಲಿ ಅರ್ಧ ನಿನ್ನ ಕೈ ಮೇಲೇ ಭೂಮಿಗೆ ಬಂದೋವು. ನೀನು ಹೋಗುವಾಗ ನಿನ್ನ ಕೈ ಹಿಡಿಯೋಕೆ ಯಾರೂ ಇರ್ಲಿಲ್ಲ. ತಗೋ, ಹಿಡ್ಕೋ. ಹೆಸರಿಡೋಕೆ ಮೊದಲೇ ಹೋದ ಕಂದಾ, ನಿನ್ನ ಏನಂತ ಕರೀಲಿ? ಯಾರ ಸೆರಗು ಸಿಕ್ಕಿದ್ರೆ ಅದನ್ನ ಹಿಡ್ಕೊಂಡು ಬಾ."

"ಏನಂತಿದಾಳೆ ಇವಳು?" ಎಂದು ಸಾಹೇಬರು ಕೇಳಿದರು.

ಟೀಚರಮ್ಮ, ತೊಟ್ಟಿಯ ಗೋಡೆಯ ಮೇಲೆ ಕಲಿತ ಮಾತುಗಳನ್ನು ಒಂದೊಂದಾಗಿ ಹುಡುಕಿಕೊಳ್ಳುವವರಂತೆ ತಡೆದು ತಡೆದು ಹೇಳಿದರು. "ಈ ಬೆಂಚಿನ ಜಾಗದಲ್ಲಿ ಅವರ ಮಗಳು ಸತ್ತಳಂತೆ, ಸರ್. ನೀರು ಕೇಳ್ತಾ. ಅಲ್ಲಿ ಒಬ್ಬ ಕಮ್ಮಾರ. ಅಲ್ಲಿ... ಅಲ್ಲೊಂದು ಕೂಸು."

"ಸುಳ್ಳು!" ಎಂದರು ಧಣಿ. "ಇಲ್ಲಿ ಯಾರೂ ಸತ್ತಿಲ್ಲ. ಸಾಗಿಸಿದಾರೆ ಅಷ್ಟೇ. ಟೀಚರಮ್ಮ, ನಾಳೆಯಿಂದ ನೀವು ಬರೋದು ಬೇಡ."

"ಆಯ್ತು," ಎಂದರು ಟೀಚರಮ್ಮ. ಹೇಳಿ ಮತ್ತೆ ಮುದುಕಿಯ ಮಾತಿಗೆ ಕಿವಿಗೊಟ್ಟರು.

ಹಿಂದಿನ ಬೆಂಚುಗಳ ಮಕ್ಕಳು ಎದ್ದಿದ್ದವು. ಯಾರೂ ಹೇಳಿರಲಿಲ್ಲ. ಗೋಡೆಗೆ ಬೆನ್ನು ತಾಗಿಸಿ ನಿಂತು, ನಡುವೆ ಬಾಗಿಲಿನವರೆಗೆ ದಾರಿ ಬಿಟ್ಟಿದ್ದವು. ಮುಂದಿನ ಬೆಂಚಿನಲ್ಲಿದ್ದ ಊರಿನ ಮಗುವೊಂದು ತನ್ನ ಕೆಳಗಿನ ನೆಲವನ್ನು ನೋಡಿ, ಕಾಲುಗಳನ್ನು ಮೇಲಕ್ಕೆತ್ತಿಕೊಂಡಿತು.

ಎಬ್ಬಿಸುತ್ತ ಎಬ್ಬಿಸುತ್ತ ಮುದುಕಿ ಕರಿಹಲಗೆಯವರೆಗೆ ಬಂದಳು. ಧಣಿಯ ಕುರ್ಚಿಯ ಮುಂದೆ ನಿಂತಳು. ಮೊದಲ ಬಾರಿಗೆ ಅವರ ಮಾತಿನಲ್ಲಿ, ಅವರಿಗೆ ಸ್ಪಷ್ಟವಾಗಿ ಕೇಳುವಂತೆ ಹೇಳಿದಳು.

"ಏಳಯ್ಯಾ ಮೇಲಕ್ಕೆ. ನೀನು ಕೂತಿರೋದು ನನ್ನ ಗಂಡನ ಎದೆ ಮೇಲೆ."

"ಏನಂದೆ ಮುಂಡೇ?"

"ಏಳು ಅಂದೆ. ನೀರಿನ ಕೊಡ ಕಿಟಕೀಲಿ ತೋರಿಸಿ ನೆಲಕ್ಕೆ ಚೆಲ್ಲಿದವನು ನೀನೇ. ಚೆಲ್ಲಿದ ನೀರು ನೆಕ್ಕೋಕೆ ತೆವಳ್ಕೊಂಡು ಬಂದು ಇಲ್ಲೇ ಪ್ರಾಣ ಬಿಟ್ಟ ನನ್ನ ಗಂಡ. ಅವನಿಗೆ ಎದೆ ಭಾರ ಆಗ್ತಿದೆ. ಏಳು."

ಧಣಿಯವರು ಅವಳ ಕೆನ್ನೆಗೆ ಹೊಡೆಯಲು ಕೈಯೆತ್ತಿದರು. ಎತ್ತಿದ ಕೈ ಇಳಿಯಲಿಲ್ಲ. ಸಾಹೇಬರು ತಮ್ಮ ಕುರ್ಚಿಯಿಂದ ಎದ್ದು ಗೋಡೆಗೆ ಸರಿದಿದ್ದರು. ಹೆಡ್ ಮಾಸ್ತರರು ತಮ್ಮ ಪಾದಗಳ ಅಡಿಯ ನೆಲವನ್ನೇ ನೋಡುತ್ತಿದ್ದರು. ಆ ಕೊಠಡಿಯಲ್ಲಿ ಕೂತಿದ್ದ ದೊಡ್ಡವರು ಧಣಿಯೊಬ್ಬರೇ. ಅವರು ಒಂದು ಗಳಿಗೆ ಅಲ್ಲಿ ಒಬ್ಬರೇ ಕೂತಿದ್ದರು. ಆಮೇಲೆ ಎದ್ದರು, ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

ಮುದುಕಿ ಬಗ್ಗಿ, ಖಾಲಿ ನೆಲಕ್ಕೆ ಕೈಚಾಚಿದಳು. "ಬನ್ನಿ," ಎಂದಳು, ಗಂಡನಿಗೆ ಮಾತ್ರ ಸಲ್ಲುವ ದನಿಯಲ್ಲಿ. "ನಿಮ್ಮದು ಯಾವಾಗಲೂ ಕೊನೇಗೇ. ಎಲ್ಲರೂ ಕಾಯ್ತಿದಾರೆ."

ಅವಳು ಮಕ್ಕಳು ಬಿಟ್ಟ ದಾರಿಯಲ್ಲಿ ನಡೆದಳು. ಮಿಡತೆಯ ಮುಂದೆ ಬಂದಾಗ ನಿಲ್ಲಲಿಲ್ಲ. ನಿಂತರೆ ಹಿಂದಿರುವವರು ನಿಲ್ಲುತ್ತಾರೆ. ಕೈಬೀಸುವ ನೆವದಲ್ಲಿ ಬೆರಳಿನ ತುದಿಯಿಂದ ಮೊಮ್ಮಗಳ ಬಾಸುಂಡೆ ಎದ್ದ ಅಂಗೈಯನ್ನು ಸವರಿ, ಹೊಸ್ತಿಲು ದಾಟಿದಳು. ದಾಟಿದ ಮೇಲೆ ತಿರುಗುವಂತಿಲ್ಲ. ಬೆನ್ನ ಹಿಂದೆ ಮೌನ. ಗೇಟಿನವರೆಗೆ ಮೌನ.

ಗೇಟಿನ ಬಳಿ ಕೇಳಿಸಿತು.

"ಇದು..."

ತುಕ್ಕು ಹಿಡಿದ ಕೀಲಿನಂಥ ದನಿ.

"ಇದು ನಮ್ಮ ಶಾಲೆ. ನಮ್ಮ ಶಾಲೆಗೆ ದೊಡ್ಡ ಕಿಟಕಿಗಳಿವೆ."

"ಮುಚ್ಚು ಬಾಯಿ! ಪರೀಕ್ಷೆ ಮುಗೀತು!" ಎಂದು ಧಣಿ ಅರಚಿದ್ದು ಕೇಳಿಸಿತು. ಬೆತ್ತದ ಸದ್ದು ಕೇಳಿಸಿತು. ದನಿ ನಿಲ್ಲಲಿಲ್ಲ. ಅದೇ ಸಾಲನ್ನು ತನ್ನ ಮಾತಿನಲ್ಲಿ ಓದಿತು, ಮತ್ತೆ ಅವರ ಮಾತಿನಲ್ಲಿ ಓದಿತು. ಅದಕ್ಕೆ ಇನ್ನೊಂದು ದನಿ ಸೇರಿತು, ಮತ್ತೊಂದು ಸೇರಿತು. ಬೆತ್ತ ಯಾವ ಮಗುವಿನ ಮೇಲೆ ಬೀಳುತ್ತಿದೆಯೆಂದು ತಿಳಿಯದಾಯಿತು. ಸಾಹೇಬರ ಪೆನ್ನು ಆಗ ಏನು ಬರೆಯಿತೋ, ಬರೆದದ್ದನ್ನು ಹೊಡೆದುಹಾಕಿತೋ, ಗೇಟಿನವರೆಗೆ ಕೇಳಿಸುವ ಸಂಗತಿಯಲ್ಲ.

*

ಗಂಟು ಕಟ್ಟಲು ಹೆಚ್ಚೇನಿರಲಿಲ್ಲ. ಒಂದು ಕಂಬಳಿ, ಒಂದು ಲೋಟ, ಹಳೆಬಟ್ಟೆಯ ಮೂಟೆಯಲ್ಲಿ ಸಿಕ್ಕಿದ್ದ ಯಾರದೋ ಉಣ್ಣೆಯ ಕಾಲುಚೀಲ. ಚಿಕ್ಕಮ್ಮ ಗೋದಾಮಿನಿಂದ ಓಡಿಬಂದಾಗ ಮುದುಕಿ ಗಂಟಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಿದ್ದಳು.

ಸುದ್ದಿ ಆಗಲೇ ಮುಟ್ಟಿತ್ತು. ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತಳು. ನೋಡಿದಳು. ಆಮೇಲೆ ಒಳಗೆ ಬಂದು ಉಳಿದ ರೊಟ್ಟಿಯನ್ನೆಲ್ಲ ಬಟ್ಟೆಯಲ್ಲಿ ಸುತ್ತಿದಳು.

"ಹಾಳು ಮುದುಕಿ," ಎಂದಳು. "ಇಷ್ಟು ಜನಾನ ಕಟ್ಕೊಂಡು ಹೊರಟಿದೀಯಲ್ಲ, ಎಲ್ಲರಿಗೂ ರೊಟ್ಟಿ ಸಾಕಾಗುತ್ತಾ?"

"ಅವರು ಉಣ್ಣಲ್ಲ ಕಣೇ."

"ಅಪ್ಪ ಉಣ್ಣದೇ ಬಿಡ್ತಾರಾ? ಸತ್ರೂ ಒಂದು ತುಂಡು ಜಾಸ್ತೀನೇ ಕೇಳ್ತಾರೆ." ಅವಳು ನಗಲು ಹೋದಳು, ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಕೇಳಿದಳು. "ಅಕ್ಕ ಇದಾಳಾ ಜೊತೇಲಿ?"

"ಬಾಗಿಲ ಹೊರಗೆ ನಿಂತಿದಾಳೆ."

ಚಿಕ್ಕಮ್ಮ ಬಾಗಿಲ ಕಡೆ ನೋಡಲಿಲ್ಲ. ಸೆರಗಿನಿಂದ ಮೂಗೊರೆಸಿಕೊಂಡಳು, ಸೆರಗಿಗೆ ನೀಲಿ ಧೂಳು ಹತ್ತಿತು. "ಮಿಡತೆ ಬಂದು ಕೇಳಿದ್ರೆ ಏನನ್ನಲಿ?"

"ಬೈತಾ ಇರು. ನಿನ್ನ ಬೈಗುಳ ಕಿವಿಗೆ ಬೀಳ್ತಿದ್ರೆ ಮನೇಲಿ ಜನ ಇದಾರೆ ಅನ್ಕೋತಾಳೆ. ಗೋದಾಮಿಗೆ ಮಾತ್ರ ಕಳಿಸ್ಬೇಡ. ಅವರೇ ಬಂದು ಎಳೆದ್ರೂ ಕಳಿಸ್ಬೇಡ."

"ಎಳೀಲಿ ನೋಡ್ತೀನಿ," ಎಂದಳು ಚಿಕ್ಕಮ್ಮ. ಗೋದಾಮಿನಲ್ಲಿ ಮೂಟೆ ಸೀಳುವ ಕತ್ತರಿ ಅವಳ ಸೊಂಟದಲ್ಲೇ ಇತ್ತು.

ಊರಿನ ಕೊನೆಯಲ್ಲಿ ತಪಾಸಣೆಯ ಕಟ್ಟೆ. ರಸ್ತೆಗೆ ಅಡ್ಡಲಾಗಿ ಒಂದು ಉದ್ದನೆಯ ಮರದ ಕಂಬ, ಅದನ್ನು ಹಗ್ಗದಿಂದ ಎತ್ತಲು ಒಬ್ಬ ಕಾವಲುಗಾರ. ಬರುವವರನ್ನು ತಡೆಯಲು ಇರಿಸಿದವನು. ಹೋಗುವವರನ್ನು ಅವನು ಅಷ್ಟಾಗಿ ನೋಡಿದವನಲ್ಲ.

"ಎಲ್ಲಿಗಜ್ಜಿ?"

"ಊರಿಗೆ."

"ಆ ಕಡೆ ಊರೇ ಇಲ್ವಲ್ಲ ಈಗ." ಅವನು ರಸ್ತೆಯ ಆಚೆ ಈಚೆ ನೋಡಿದ. ಸಂಜೆಯ ಬಿಸಿಲು ಧೂಳಿನ ಮೇಲೆ ಚಾಚಿತ್ತು. "ಒಬ್ಬಳೇ ಹೊರಟಿದೀಯಾ?"

"ಇಲ್ಲಪ್ಪ," ಎಂದಳು ಮುದುಕಿ.

ಅವನು ಹಗ್ಗ ಎಳೆದ. ಕಂಬ ಮೇಲಕ್ಕೆ ಹೋಯಿತು. ಮುದುಕಿ ದಾಟಲಿಲ್ಲ. ಪಕ್ಕಕ್ಕೆ ಸರಿದು, ದಾರಿ ಬಿಟ್ಟು, ಬಸ್ಸಿಗೆ ಮಕ್ಕಳನ್ನು ಹತ್ತಿಸುವವಳಂತೆ ಒಬ್ಬೊಬ್ಬರ ಬೆನ್ನಿಗೂ ಕೈತಾಗಿಸಿ ಮುಂದೆ ಕಳಿಸತೊಡಗಿದಳು. ಒಮ್ಮೆ ಬಗ್ಗಿ, ತೀರ ಸಣ್ಣದೇನನ್ನೋ ಎತ್ತಿ, ಇನ್ನಾರದೋ ತೋಳಿಗೆ ಕೊಟ್ಟಳು. ಕಾವಲುಗಾರ ಬೈಯಲು ಬಾಯಿ ತೆರೆದ. ಆದರೆ ಹಗ್ಗ ಅಂಗೈಯನ್ನು ಕೊರೆಯುತ್ತಿದ್ದರೂ, ಕಡೆಯಲ್ಲಿ ಮುದುಕಿಯೂ ದಾಟಿ ಹೋಗುವವರೆಗೆ ಅವನು ಕಂಬವನ್ನು ಎತ್ತಿ ಹಿಡಿದೇ ನಿಂತಿದ್ದ.

ವಾಚಕ ಮಹಾಶಯರೇ, ಎಬ್ಬಿಸಿದವರು ಆ ರಾತ್ರಿ ಅಲ್ಲಿಯೇ ಮಲಗುವಂತಿಲ್ಲವೆಂಬ ನಿಯಮ ತಮಗೆ ನೆನಪಿರಬಹುದು. ನಾನೂ ಈ ಕಥೆ ಹೇಳಿ, ಮಲಗಿದ್ದವರನ್ನು ಎಬ್ಬಿಸಿ ಮುಗಿಸಿದ್ದೇನೆ. ತಮ್ಮ ಕೋಣೆಯಲ್ಲಿ ನನ್ನ ಗಂಟನ್ನು ಇಳಿಸಿದ್ದೆ. ಈಗ ಅದನ್ನು ಕಟ್ಟಿಕೊಂಡು, ಹೆಗಲಿಗೇರಿಸಿ ಹೊರಟಿದ್ದೇನೆ. ತಾವು ಏಳಬೇಕಾಗಿಲ್ಲ. ಬಾಗಿಲನ್ನು ಮಾತ್ರ ತುಸು ಹೊತ್ತು ತೆರೆದಿಡಿ. ಎಲ್ಲರೂ ಹೊರಗೆ ಬಂದರೋ ಇಲ್ಲವೋ, ನಾನು ತಿರುಗಿ ನೋಡುವಂತಿಲ್ಲ.